ಬಚ್ಚಲ ನೀರಿಗೆ ತಕ್ಕಷ್ಟು ಹಿತ್ತಲ ತೋಟ

ಶಿವರಾತ್ರಿ ಬಂದರೆ ಚಳಿ ಶಿವಶಿವ ಎನ್ನುತ್ತ ಊರು ಬಿಡುತ್ತದೆ ಎಂಬುದು ಹಿರಿಯರ ಮಾತು. ಹಗಲಿನ ಬಿಸಿಲು ಏರತೊಡಗಿದ್ದರೂ ರಾತ್ರಿ ಇನ್ನೂ ತಂಪಾಗಿರುವ, ನೆಲ ಮಾತ್ರ ಬೆಚ್ಚಗಾಗಿರುವ ಈ ಹೊತ್ತು ಬೀಜ ಮೊಳೆಯಲು ಬಹಳ ಅನುಕೂಲವಾದದ್ದು. ಇಲ್ಲಿಂದ ಯುಗಾದಿಯವರೆಗೆ ಸಿಗುವುದು ಸುಮಾರು ಒಂದು ತಿಂಗಳು. ಈ ತಿಂಗಳಲ್ಲಿ ಬೇರೂರಿದ ಕಾಯಿಪಲ್ಲೆ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ತಾಳಿಕೊಳ್ಳುತ್ತದೆ. ಯುಗಾದಿ ದಾಟಿಸಿ ಊರಿದ ಬೀಜ ಮೊಳೆತರೂ ಎಷ್ಟೋ ಸಲ ಎರಡೆಲೆಯಲ್ಲೇ ಬಾಡಿ ಹೋಗುತ್ತದೆ. ಬೇಸಿಗೆಯಲ್ಲಿ ಮನೆಗೆ ಬೇಕಾದ ತಪ್ಪಲು, ಕಾಯಿ ಹಿತ್ತಲಲ್ಲೇ ದೊರೆಯಬೇಕೆಂಬ ಮನಸ್ಸಿದ್ದವರು ಮಡಿ ಮಾಡಬೇಕಾದದ್ದು ಈಗ.

ನಮ್ಮ ಭಾಗದ ರೈತ ಬಾಂಧವರಿಗೆ ಇದನ್ನು ಹೇಳಬೇಕಾಗಿ ಬಂದಿರುವುದೇ ಒಂದು ಸೋಜಿಗ. ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರ, ಜಮಖಂಡಿ, ಮುಧೋಳ, ಎತ್ತ ನೋಡಿದರೂ ಹಸಿರು. ಹಿಪ್ಪರಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಇದೆ. ಅದಕ್ಕೂ ಮುಂಚೆ, 1989ರಲ್ಲಿ, ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕಟ್ಟಿದ ಶ್ರಮಬಿಂದು ಸಾಗರವನ್ನು ನಾಡೇ ಬಲ್ಲದು. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು. ಕಬ್ಬು ಬಂದ ಮೇಲೆ ಬಾವಿಯ ದಂಡೆಯ ಬದನೆ, ಬದುವಿನ ಮೇಲಿನ ಅವರೆ, ಜೋಳದ ನಡುವಿನ ಅಕ್ಕಡಿ ಸಾಲು ಒಂದೊಂದಾಗಿ ಮರೆಯಾದವು. ಇಂದು ಹತ್ತು ಎಕರೆ ಕಬ್ಬಿದ್ದ ಮನೆಯವರೂ ಸಂತೆಯಲ್ಲಿ ನಿಂತು ಒಂದು ಸೂಡು ಮೆಂತೆಗೆ ಚೌಕಾಸಿ ಮಾಡುತ್ತಾರೆ. ಕಬ್ಬಿನ ರೊಕ್ಕ ಬರುವುದು ವರ್ಷಕ್ಕೊಮ್ಮೆ. ಕಬ್ಬು ಕೊಟ್ಟ 14 ದಿನಗಳೊಳಗೆ ಬಿಲ್ಲು ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳಿದರೂ ಅದು ಕೈಗೆ ಬರುವ ಹೊತ್ತು ಎಲ್ಲರಿಗೂ ಗೊತ್ತಿದ್ದದ್ದೇ. ಸಂತೆಯ ಖರ್ಚು ಮಾತ್ರ ವಾರವಾರವೂ ತಪ್ಪದು.

ಇದು ಬರಿಯ ರೊಕ್ಕದ ಮಾತಾಗಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯ ಪ್ರಕಾರ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 400 ಗ್ರಾಂ ಕಾಯಿಪಲ್ಲೆ ಬೇಕು. ಅದರಲ್ಲಿ 100 ಗ್ರಾಂ ಹಸಿರು ತಪ್ಪಲು ಇರಬೇಕು. ಐದು ಜನರ ಮನೆಗೆ ಲೆಕ್ಕ ಹಾಕಿದರೆ ದಿನಕ್ಕೆ ಎರಡು ಕಿಲೋ. ವಾರದ ಸಂತೆಯನ್ನೇ ನಂಬಿದ ಮನೆಯಲ್ಲಿ ಆಗುವುದೇನು? ಸಂತೆಯ ದಿನ ಮತ್ತು ಮರುದಿನ ಮೆಂತೆ, ರಾಜಗಿರಿ, ಸಬ್ಬಸಗಿ. ಮೂರನೆಯ ದಿನ ತಪ್ಪಲು ಬಾಡುತ್ತದೆ. ಉಳಿದ ದಿನಗಳಲ್ಲಿ ರೊಟ್ಟಿಗೆ ಬೇಳೆ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಪಲ್ಲೆ ಮಾಡಿದ ದಿನವೂ ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣಲು ಕುಳಿತ ತಾಯಿಯ ಪಾಲಿಗೆ ಬೋಗುಣಿಯ ತಳವೇ ಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ತಪ್ಪಲ ಪಲ್ಲೆಯೊಂದರಿಂದಲೇ ಇದು ವಾಸಿಯಾಗುತ್ತದೆಂದು ಹೇಳುವುದು ಸರಿಯಲ್ಲ. ಆರೋಗ್ಯ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಬಿಡಬಾರದು. ಆದರೆ ದಿನನಿತ್ಯ ಒಂದು ಹಿಡಿ ತಪ್ಪಲು, ಅದರ ಮೇಲೆ ನಾಲ್ಕು ಹನಿ ನಿಂಬೆರಸ, ಊಟವಾದ ಕೂಡಲೇ ಚಹಾ ಕುಡಿಯದಿರುವ ರೂಢಿ, ಇವು ಕೂಡಿದರೆ ಮೈಗೆ ಕಬ್ಬಿಣಾಂಶ ಹತ್ತುವುದು ಹೆಚ್ಚುತ್ತದೆ. ದಿನನಿತ್ಯವೆಂಬ ಮಾತು ಇಲ್ಲಿ ಮುಖ್ಯ. ಅದು ಸಂತೆಯಿಂದ ಆಗುವುದಿಲ್ಲ, ಹಿತ್ತಲಿನಿಂದ ಆಗುತ್ತದೆ.

ಹಿತ್ತಲ ತೋಟದ ಉಮೇದು ನಮ್ಮಲ್ಲಿ ಇಲ್ಲವೆಂದಲ್ಲ. ಬೀಜದ ಚಿಕ್ಕ ಪೊಟ್ಟಣ ಹಂಚಿದ ವರ್ಷ ಮನೆಮನೆಯಲ್ಲೂ ಮಡಿ ಏಳುತ್ತವೆ. ಮೇ ತಿಂಗಳಲ್ಲಿ ಹೋಗಿ ನೋಡಿದರೆ ಒಣಗಿದ ಬೆಂಡೆಯ ಕಡ್ಡಿಗಳು, ಅವುಗಳ ನಡುವೆ ಮಲಗಿದ ಆಡು. ತೋಟವನ್ನು ನಾವು ಜಾಗ ನೋಡಿ ಮಾಡುತ್ತೇವೆ, ನೀರು ನೋಡಿ ಮಾಡುವುದಿಲ್ಲ; ಕೆಡುಕಿನ ಮೂಲ ಇದೇ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಕಠಿಣವಾದದ್ದೇನೂ ಅಲ್ಲ. ಕಾಯಿಪಲ್ಲೆಯ ಮಡಿಗೆ ಫೆಬ್ರುವರಿಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಸಾಕಾದರೆ ಏಪ್ರಿಲ್ ತಿಂಗಳಲ್ಲಿ ಆರೇಳು ಲೀಟರ್ ಬೇಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 100 ಚದರ ಮೀಟರ್. ಏಪ್ರಿಲ್‌ನಲ್ಲಿ ಅದಕ್ಕೆ ದಿನಕ್ಕೆ 600–700 ಲೀಟರ್ ನೀರು ಹೊರಬೇಕಾಗುತ್ತದೆ. ಯಾವ ಮನೆಯಲ್ಲಿ ಅಷ್ಟು ಜನರಿದ್ದಾರೆ? ಐದು ಜನರ ಮನೆಯಲ್ಲಿ ಜಳಕದ ನೀರು, ಪಾತ್ರೆ ಗಲಬರಿಸಿದ ನೀರು ಕೂಡಿ ಸುಮಾರು 100 ಲೀಟರ್, ಎಂದರೆ ಏಳೆಂಟು ಕೊಡ ಸಿಗುತ್ತದೆ. ಇದು ಬೇಸಿಗೆಯಲ್ಲೂ ತಪ್ಪದ ನೀರು. ಇಷ್ಟು ನೀರಿನಲ್ಲಿ ಏಪ್ರಿಲ್ ದಾಟಿಸಬಲ್ಲ ತೋಟ 15 ಚದರ ಮೀಟರ್, ಅಂದರೆ 16 ಅಡಿ ಉದ್ದ, 10 ಅಡಿ ಅಗಲ. ಅಷ್ಟೇ ಮಾಡಿರಿ. ಮೊದಲ ವರ್ಷ ಇದಕ್ಕಿಂತ ದೊಡ್ಡದು ಮಾಡುವುದೇ ಬೇಡ. ಹೊಲದ ಪಂಪಿನ ಕರೆಂಟನ್ನು ಇಲ್ಲವೆ ನಳದ ನೀರನ್ನು ನೆಚ್ಚಿ ಮಾಡಿದ ತೋಟ, ಅವು ಕೈಕೊಟ್ಟ ವಾರವೇ ಮುಗಿಯುತ್ತದೆ.

ಬಚ್ಚಲ ನೀರೆಂದರೆ ಎಲ್ಲ ನೀರೂ ಒಂದೇ ಅಲ್ಲ. ಬಟ್ಟೆ ಒಗೆದ ಪುಡಿಯ ನೀರಿನಲ್ಲಿ ಸೋಡಿಯಂ ಹೆಚ್ಚು. ನಮ್ಮ ಎರೆಮಣ್ಣಿಗೆ ಅದನ್ನು ದಿನವೂ ಬಿಟ್ಟರೆ ಮಣ್ಣಿನ ಕಣ ಒಡೆದು ಮಡಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ನೀರು ಇಂಗುವುದು ನಿಲ್ಲುತ್ತದೆ. ಆದ್ದರಿಂದ ಬಟ್ಟೆಯ ನೀರನ್ನು ಬೇರೆ ದಾರಿಗೆ ಬಿಡಬೇಕು. ಜಳಕದ ನೀರನ್ನು ಎರಡಡಿ ಆಳದ ತಗ್ಗಿನಲ್ಲಿ ಖಡಿ, ಮರಳು ತುಂಬಿ ಅದರ ಮೂಲಕ ಹಾಯಿಸಿ, ಹಂದರದ ಬಳ್ಳಿಗಳಿಗೆ, ಬಾಳೆ, ನುಗ್ಗೆಗೆ ಬಿಡಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಹಕ್ಕರಕಿಗೆ ಮಾತ್ರ ಶುದ್ಧ ನೀರೇ ಇರಲಿ. ನೀರು ಬುಡಕ್ಕೆ ಹೋಗಬೇಕು, ಎಲೆಯ ಮೇಲೆ ಬೀಳಬಾರದು. ಹೊತ್ತು ಮುಳುಗುವಾಗ ಹಾಕಿದ ನೀರು ರಾತ್ರಿಯಿಡೀ ಗಿಡಕ್ಕೆ ದಕ್ಕುತ್ತದೆ.

ಕಾಲುವೆಯ ಕೆಳಗೆ, ನದಿಯ ದಂಡೆಗೆ ಇರುವ ಅನೇಕ ಊರುಗಳಲ್ಲಿ ಹಿತ್ತಲೇ ಸವಳಾಗಿದೆ. ಕೊಳವೆ ಬಾವಿಯ ನೀರೂ ಉಪ್ಪು. ಅಂಥಲ್ಲಿ ಬೋದಿನ ನೆತ್ತಿಯ ಮೇಲೆ ಬೀಜ ಊರಬಾರದು. ನೀರು ಆರುತ್ತ ಹೋದಂತೆ ಉಪ್ಪು ಏರಿ ನಿಲ್ಲುವುದು ನೆತ್ತಿಯಲ್ಲೇ. ಬೋದಿನ ಪಕ್ಕೆಯಲ್ಲಿ, ಅರ್ಧ ಎತ್ತರದಲ್ಲಿ ಊರಿದರೆ ಮೊಳಕೆ ಉಳಿಯುತ್ತದೆ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಸವಳಿಗೆ ಬೇಗ ಸೋಲುತ್ತವೆ. ಪಾಲಕ, ಬೀಟ್‌ರೂಟ್, ಚವಳಿಕಾಯಿ ತಕ್ಕಮಟ್ಟಿಗೆ ತಾಳುತ್ತವೆ.

ಹತ್ತಡಿ ಉದ್ದ, ನಾಲ್ಕಡಿ ಅಗಲದ ಮೂರು ಮಡಿ, ನಡುವೆ ಒಂದೂವರೆ ಅಡಿಯ ಕಾಲುದಾರಿ. ಎರಡೂ ಬದಿಯಿಂದ ಕೈ ಎಟಕುವಂತಿದ್ದರೆ ಮಡಿಯನ್ನು ತುಳಿಯುವ ಪ್ರಸಂಗ ಬಾರದು. ಒಂದಡಿ ಆಳ ಅಗೆದು ಎರಡು ದಿನ ಬಿಸಿಲಿಗೆ ಬಿಟ್ಟು, ಮಡಿಗೆ ಒಂದೆರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಬೇಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಿಗುವ ಊರವರು ಅದನ್ನು ಬಳಸಬಹುದು. ಆದರೆ ಹೊಸದಾಗಿ ತಂದದ್ದು ಒಳಗೊಳಗೆ ಕಾಯುತ್ತದೆ, ಮೂರು ತಿಂಗಳಾದರೂ ಕಳಿಸಿ ಹಾಕಬೇಕು. ಇನ್ನು ಕಬ್ಬಿನ ರವದಿ. ಕಬ್ಬು ಕಡಿದ ಮೇಲೆ ಅದಕ್ಕೆ ಬೆಂಕಿ ಹಚ್ಚುವ ರೂಢಿ ಇನ್ನೂ ಹೋಗಿಲ್ಲ. ಹೊಲದಲ್ಲಿ ಸುಡುವುದು ಬೇಡವೆಂದು ಹೇಳಿ ಹೇಳಿ ನಮ್ಮ ಬಾಯಿ ಸೋತಿದೆ. ಕಡೆಯ ಪಕ್ಷ ಎರಡು ಹೊರೆ ಹಿತ್ತಲಿಗೆ ತಂದು, ಸಸಿ ಗೇಣುದ್ದ ಬೆಳೆದ ಮೇಲೆ ಸಾಲಿನ ನಡುವೆ ಮೂರು ಬೆರಳು ದಪ್ಪ ಹಾಸಿರಿ. ಬಿಸಿಲಿಗೆ ನೆಲ ಕಾಯುವುದಿಲ್ಲ, ನೀರು ಉಳಿಯುತ್ತದೆ, ಕಸ ಏಳುವುದಿಲ್ಲ. ಗೆದ್ದಲಿನ ಭಯವಿದ್ದಲ್ಲಿ ಗಿಡದ ಬುಡದಿಂದ ನಾಲ್ಕು ಬೆರಳು ದೂರ ಬಿಟ್ಟರಾಯಿತು.

ಏನೇನು ಬಿತ್ತಬೇಕೆಂಬುದಕ್ಕಿಂತ ಯಾವಾಗ ಬಿತ್ತಬೇಕೆಂಬುದರ ಕಡೆ ಹೆಚ್ಚು ಗಮನವಿರಲಿ. ಪೊಟ್ಟಣ ಒಡೆದ ದಿನವೇ ಎಲ್ಲ ಬೀಜ ಚೆಲ್ಲಿದರೆ ತಿಂಗಳ ನಂತರ ಒಂದು ವಾರ ಊರಿಗೆಲ್ಲ ಹಂಚುವಷ್ಟು ರಾಜಗಿರಿ, ಆಮೇಲೆ ಏನೂ ಇಲ್ಲ. ಮೊದಲ ವಾರ ಬೆಂಡೆ, ಚವಳಿ, ಬಳ್ಳಿಗಳನ್ನು ಊರಿಬಿಡಬೇಕು, ಏಕೆಂದರೆ ಇವು ಫಲ ಕೊಡಲು 45ರಿಂದ 60 ದಿನ ತೆಗೆದುಕೊಳ್ಳುತ್ತವೆ. ಬೆಂಡೆಯ ಬೀಜವನ್ನು ರಾತ್ರಿಯಿಡೀ ನೆನೆಸಿ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಟ್ಟು ಎರಡೆರಡು ಕಾಳು ಊರಿರಿ. ಇಪ್ಪತ್ತು ಇಪ್ಪತ್ತೈದು ಗಿಡ ಒಂದು ಮನೆಗೆ ಸಾಕು. ದಿನ ಬಿಟ್ಟು ದಿನ ಕೊಯ್ಯದಿದ್ದರೆ ಕಾಯಿ ನಾರಾಗುವುದಲ್ಲದೆ ಗಿಡವೂ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯ ಅರ್ಕಾ ಅನಾಮಿಕ ಹಳದಿ ನಂಜು ರೋಗ ತಡೆಯುವುದಕ್ಕಾಗಿಯೇ ಹೆಸರಾದ ತಳಿ. ಆದರೆ ಈಗೀಗ ಅದಕ್ಕೂ ರೋಗ ಕಾಣಿಸುತ್ತಿದೆ. ಎಲೆಯ ನರ ಹಳದಿಯಾದ ಗಿಡವನ್ನು ಕಂಡ ದಿನವೇ ಕಿತ್ತು ಹುಗಿಯಿರಿ. ಒಂದು ಗಿಡದ ಆಸೆಗೆ ಸಾಲನ್ನೇ ಕಳೆದುಕೊಳ್ಳಬಾರದು.

ಎರಡನೆಯ ಮಡಿಯಲ್ಲಿ ಚವಳಿ. ಅಗಿ ಸಿಕ್ಕರೆ ಐದು ಬದನೆ, ನಾಲ್ಕು ಮೆಣಸಿನ ಗಿಡ. ಬದನೆಯ ಕುಡಿ ಬಾಡಿ ಜೋತುಬಿದ್ದರೆ ಒಳಗೆ ಹುಳ ಇದೆಯೆಂದೇ ತಿಳಿದು ಕುಡಿಯನ್ನು ಚಿವುಟಿ ಸುಡಬೇಕು. ಟೊಮೇಟೊದ ಹಟ ಈಗ ಬೇಡ. ಜನವರಿಯಲ್ಲಿ ಅಗಿ ಹಾಕಿದವರ ಮಾತು ಬೇರೆ. ಈಗ ಹಚ್ಚಿದ ಗಿಡ ಹೂವಿಗೆ ಬರುವ ಹೊತ್ತಿಗೆ ರಾತ್ರಿಯ ತಂಪು ಹೋಗಿ ಹೂ ಉದುರುತ್ತವೆ, ಬಿಳಿನೊಣದಿಂದ ಎಲೆ ಮುದುಡುವ ರೋಗ ಹಿಡಿಯುತ್ತದೆ.

ಮೂರನೆಯ ಮಡಿ ತಪ್ಪಲಿನದು. ಇದನ್ನು ನಾಲ್ಕು ಪಾಲು ಮಾಡಿ ಹತ್ತು ದಿನಕ್ಕೊಂದು ಪಾಲು ಬಿತ್ತುತ್ತ ಹೋಗಬೇಕು. ಮೆಂತೆ, ಕೊತ್ತಂಬರಿ ಮೊದಲ ಪಾಲಿಗೆ; ಬಿಸಿಲು ಏರಿದ ಮೇಲೆ ಕೊತ್ತಂಬರಿ ಎಲೆ ಬಿಡುವ ಬದಲು ಹೂವಿಗೆ ಹೋಗುತ್ತದೆ. ಕೊತ್ತಂಬರಿ ಕಾಳನ್ನು ಕಾಲಿನಿಂದ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕೆಂಬುದು ಎಲ್ಲ ತಾಯಂದಿರಿಗೂ ಗೊತ್ತು. ಆಮೇಲಿನ ಪಾಲುಗಳಿಗೆ ರಾಜಗಿರಿ ಮತ್ತು ಪುಂಡಿ. ರಾಜಗಿರಿಯ ಬೀಜ ಸಾಸಿವೆಗಿಂತ ಸಣ್ಣದು, ಉಸುಕಿನಲ್ಲಿ ಬೆರೆಸಿ ಚೆಲ್ಲಿ ಮೇಲೆ ತೆಳ್ಳಗೆ ಪುಡಿಗೊಬ್ಬರ ಹರಡಿದರೆ ಸಾಕು. 25–30 ದಿನಕ್ಕೆ ಕೊಯ್ಲು. ಬೇರು ಕೀಳದೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಪುಂಡಿಗೆ ಬಿಸಿಲೆಂದರೆ ಲೆಕ್ಕವೇ ಇಲ್ಲ. ಒಂದು ಮೂಲೆಯಲ್ಲಿ ಬಸಳೆಯ ಕಡ್ಡಿ ಚುಚ್ಚಿದರೆ ವರ್ಷವಿಡೀ ತಪ್ಪಲು.

ಹಂದರವನ್ನು ತೋಟದ ಪಡುವಣ ಬದಿಗೆ ಹಾಕಬೇಕು. ಮಧ್ಯಾಹ್ನದ ಮೇಲಿನ ಸುಡುಬಿಸಿಲು ಬರುವುದು ಆ ಕಡೆಯಿಂದ. ಹೀರೆ, ಹಾಗಲ, ಸೋರೆ ಹಬ್ಬಿದರೆ ತಪ್ಪಲಿನ ಮಡಿಗೆ ನೆರಳಾಗುತ್ತದೆ. ಒಂದೂವರೆ ಅಡಿ ತಗ್ಗು ತೆಗೆದು ಗೊಬ್ಬರ ತುಂಬಿ, ನೆನೆಸಿದ ಬೀಜ ನಾಲ್ಕು ಊರಿ, ಮೊಳೆತ ಮೇಲೆ ಗಟ್ಟಿಯಾದ ಎರಡನ್ನು ಉಳಿಸಬೇಕು. ಹೂವೆಲ್ಲ ಉದುರುತ್ತವೆ, ಕಾಯಿ ಕಚ್ಚುವುದಿಲ್ಲ ಎಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ. ಮೊದಲು ಬರುವ ಹೂವೆಲ್ಲ ಗಂಡು, ಅವು ಉದುರಲೇಬೇಕು. ಹಿಂದೆ ಪುಟ್ಟ ಕಾಯಿಯಂಥ ಗಂಟಿದ್ದದ್ದು ಹೆಣ್ಣು ಹೂ. ಅದೂ ಉದುರುತ್ತಿದ್ದರೆ ಜೇನು ಬರುತ್ತಿಲ್ಲವೆಂದು ಅರ್ಥ. ಗಂಡು ಹೂವೊಂದನ್ನು ಕಿತ್ತು ಎಸಳು ತೆಗೆದು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ತಾಗಿಸಿರಿ. ಸೌತೆ, ಹಾಗಲ, ಕುಂಬಳದ ಹೂ ಅರಳುವುದು ಮುಂಜಾನೆ. ಹೀರೆ, ಸೋರೆಯದು ಸಂಜೆ. ಹೊತ್ತು ತಪ್ಪಿದರೆ ಕೆಲಸ ವ್ಯರ್ಥ. ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಚುಚ್ಚುವುದಿಲ್ಲ. ಚುಚ್ಚಿ ಕೊಳೆತ ಕಾಯಿಯನ್ನು ಅಲ್ಲೇ ಬಿಸಾಡದೆ ಮೊಳದಾಳ ಹುಗಿಯಬೇಕು. ಬಾಯಿಗೆ ಕಹಿಯೆನಿಸಿದ ಸೋರೆಕಾಯಿಯನ್ನು ಬೇಯಿಸಿಯೂ ತಿನ್ನಬಾರದು, ಅದು ವಿಷ.

ಇನ್ನು ಕಬ್ಬಿನ ಊರಿಗೇ ವಿಶೇಷವಾದ ಒಂದು ಅಪಾಯವನ್ನು ಹೇಳಲೇಬೇಕು. ಕಬ್ಬಿನ ಕಸಕ್ಕೆ 2,4-ಡಿ ಹೊಡೆದ ಪಂಪನ್ನು ಬರಿಯ ನೀರಿನಲ್ಲಿ ತೊಳೆದು ಹಿತ್ತಲಿಗೆ ತರುವವರಿದ್ದಾರೆ. ಪಂಪಿನ ತಳದಲ್ಲಿ ಉಳಿದ ಸ್ವಲ್ಪವೇ ಬೆಂಡೆ, ಬದನೆ, ಟೊಮೇಟೊ, ಬಳ್ಳಿಗಳನ್ನು ಕೆಡಿಸಲು ಸಾಕು. ಎಲೆ ಸುರುಟಿ, ಕುಡಿ ತಿರುಚಿಕೊಂಡಾಗ ರೋಗವೆಂದು ಭಾವಿಸಿ ಮತ್ತೊಂದು ಔಷಧ ಹೊಡೆಯುವುದೂ ಉಂಟು. ಪಕ್ಕದ ಹೊಲದಲ್ಲಿ ಗಾಳಿಯ ಹೊತ್ತು ಹೊಡೆದರೂ ಇದೇ ಪರಿಣಾಮ. ಹಿತ್ತಲಿಗೆ ಬೇರೆಯೇ ಕೈಪಂಪು ಇರಲಿ. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ನೀರು ಹೊತ್ತು ಹಾಕುವುದನ್ನಂತೂ ಮಾಡಲೇಬಾರದು. ಮೊನೊಕ್ರೊಟೊಫಾಸ್ ಅನ್ನು ಕಾಯಿಪಲ್ಲೆಗೆ ಬಳಸುವುದನ್ನು ಕೇಂದ್ರ ಸರಕಾರ 2005ರಲ್ಲೇ ನಿಷೇಧಿಸಿತು; ಹೊಲದ ಮೂಲೆಯಲ್ಲಿ ಉಳಿದ ಹಳೆಯ ಬಾಟಲಿ ಹಿತ್ತಲಿಗೆ ಬಾರದಿರಲಿ. ಹೇನು, ಬಿಳಿನೊಣಕ್ಕೆ ಬೇವಿನ ಬೀಜದ ಕಷಾಯ ಸಾಕು: ಲೀಟರ್ ನೀರಿಗೆ 50 ಗ್ರಾಂ ಕುಟ್ಟಿದ ಬೀಜ ರಾತ್ರಿ ನೆನೆಸಿ, ಮುಂಜಾನೆ ಅರಿವೆಯಲ್ಲಿ ಸೋಸಿ, ಚಿಟಿಕೆ ಸಾಬೂನು ಕದಡಿ ಸಂಜೆ ಸಿಂಪಡಿಸಬೇಕು. ಬಣ್ಣ ಬಳಿದ ಪೊಟ್ಟಣದ ಬೀಜಕ್ಕೆ ಔಷಧ ಹಚ್ಚಿರುತ್ತಾರೆ, ಮಕ್ಕಳ ಕೈಗೆ ಕೊಡಬೇಡಿ.

ಹಿತ್ತಲ ತೋಟ ಹೆಂಗಸರ ಕೆಲಸವೆಂದು ಯಜಮಾನರು ಕೈಕಟ್ಟಿ ಕುಳಿತರೆ ಈ ಬರಹದಿಂದ ಉಪಯೋಗವಿಲ್ಲ. ಕಬ್ಬಿನ ಹೊಲದಲ್ಲಿ ಕಸ ತೆಗೆದು, ದನ ನೋಡಿ, ಮನೆಯ ಅಡುಗೆ ಮಾಡಿದ ತಾಯಿಯ ತಲೆಗೆ ಇನ್ನೊಂದು ಹೊರೆ ಹೊರಿಸುವುದಾದರೆ ತೋಟ ಮಾಡದಿರುವುದೇ ಮೇಲು. ಕಬ್ಬಿಗೆ ನೀರು ಹಾಯಿಸಲು ನಡುರಾತ್ರಿ ಎದ್ದು ಹೋಗುವ ರೈತನಿಗೆ ಮೂರು ಮಡಿ ಅಗೆಯುವುದು, ಹಂದರ ಕಟ್ಟುವುದು, ಹತ್ತಿಕಟ್ಟಿಗೆ ಜಾಲಿಮುಳ್ಳಿನ ಬೇಲಿ ಹಾಕುವುದು ಎರಡು ದಿನದ ಕೆಲಸ. ಬೇಲಿ ಮೊದಲು ಆಗಲಿ, ಬೀಜ ಆಮೇಲೆ. ಆಡು, ಕೋಳಿ ಒಮ್ಮೆ ರುಚಿ ಕಂಡವೆಂದರೆ ಬೇಲಿ ಹಾಕಿದರೂ ಬಿಡುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲಿ ಹಿತ್ತಲೇ ಇಲ್ಲದ ಮನೆಗಳಿವೆ. ಅಲ್ಲಿ ಮಾಳಿಗೆಯ ಮೇಲೆ ಹಳೆಯ ಡಬ್ಬಿ, ಗೋಣಿಚೀಲದಲ್ಲಿ ಪುಂಡಿ, ಮೆಂತೆ ಬೆಳೆಯಬಹುದು, ತಳಕ್ಕೆ ತೂತು ಮಾತ್ರ ಮರೆಯಬಾರದು. ಹಿತ್ತಲಿದ್ದವರು ಬೇಲಿಯ ಮೂಲೆಗೆ ಒಂದು ಕರಿಬೇವು, ಒಂದು ನಿಂಬೆ, ಒಂದು ನುಗ್ಗೆ ಹಚ್ಚಿರಿ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ನುಗ್ಗೆ ನಮ್ಮ ನೆಲದಲ್ಲೇ ಆರಿಸಿದ ತಳಿ. ಅದರ ಕಾಯಿಗಿಂತ ಸೊಪ್ಪಿನ ಕಡೆ ನಮ್ಮವರ ಗಮನ ಹರಿದರೆ ಒಳ್ಳೆಯದು.

ಬೀಜಕ್ಕಾಗಿ ಬಳ್ಳಿಯಲ್ಲಿ ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು ಬಿಡುವ ರೂಢಿಯಿದೆ. ಅದನ್ನು ಬಿಟ್ಟು, ಎರಡನೆಯ ಇಲ್ಲವೆ ಮೂರನೆಯ ಕೊಯ್ಲಿನ ಒಳ್ಳೆಯ ಕಾಯಿಗೆ ದಾರ ಕಟ್ಟಿ ಗುರುತು ಮಾಡಿ ಒಣಗಲು ಬಿಡಬೇಕು. ಪೊಟ್ಟಣದ ಮೇಲೆ ಹೈಬ್ರಿಡ್ ಎಂದಿದ್ದರೆ ಅದರ ಬೀಜ ಇಟ್ಟು ಫಲವಿಲ್ಲ, ಮರುವರ್ಷ ತಾಯಿಯ ಗುಣ ಬರುವುದಿಲ್ಲ. ಒಣಗಿದ ಬೀಜವನ್ನು ಬೂದಿಯಲ್ಲಿ ಬೆರೆಸಿ ಗಾಜಿನ ಶೀಸೆಯಲ್ಲಿಡಿರಿ. ಮೇ ಕೊನೆಗೆ, ರೋಹಿಣಿ ಮಳೆ ಕೂಡುವ ಹೊತ್ತಿಗೆ, ಖಾಲಿಯಾದ ತಪ್ಪಲಿನ ಪಾಲಿನಲ್ಲಿ ಟೊಮೇಟೊ, ಬದನೆ, ಮೆಣಸಿನ ಬೀಜ ಚೆಲ್ಲಿ ರವದಿ ಹೊದಿಸಿದರೆ, ಮಿರಗ ಮುಗಿಯುವಾಗ ಹಚ್ಚಲು ನಾಲ್ಕು ವಾರದ ಅಗಿ ಕೈಯಲ್ಲಿರುತ್ತವೆ.